ದಿನ ತುಂಬುವ ಮೊದಲೇ ಹಂದಿ ಕಂದು ಹಾಕಿದರೆ

ಪ್ರಶ್ನೆ: ಶಿರ್ವದ ಹತ್ತಿರ ನಮ್ಮದು ಹತ್ತು ತಾಯಿಹಂದಿಗಳ ಸಣ್ಣ ಫಾರ್ಮ್. ಈ ಮಳೆಗಾಲದಲ್ಲಿ ಮೂರು ಹಂದಿಗಳು ಈಯಲು ಎರಡು-ಮೂರು ವಾರ ಇರುವಾಗ ಕಂದು ಹಾಕಿದವು. ಅವು ತಿನ್ನುವುದನ್ನು ಬಿಟ್ಟಿರಲಿಲ್ಲ. ಇದು ಗಂಡುಹಂದಿಯ ದೋಷವೇ? ಅದನ್ನು ಮಾರಿಬಿಡಬೇಕೆ?

ಉತ್ತರ: ಸದ್ಯಕ್ಕೆ ಮಾರಬೇಡಿ. ಅದಕ್ಕೆ ರೋಗವಿದ್ದರೆ ಕೊಂಡವರ ದೊಡ್ಡಿಗೂ ರೋಗ ಹೋಗುತ್ತದೆ. ಇಲ್ಲದಿದ್ದರೆ ನಷ್ಟ ನಿಮ್ಮದೇ.

ಹಂದಿಯ ಗಬ್ಬ ಸುಮಾರು 114 ದಿನಗಳದ್ದು. ನಿಮ್ಮ ಲೆಕ್ಕದಂತೆ ಕಂದು ಬಿದ್ದದ್ದು 93ರಿಂದ 100ನೇ ದಿನದೊಳಗೆ. ತಾಯಿ ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಇದ್ದು, ಗಬ್ಬದ ಕೊನೆಯ ವಾರಗಳಲ್ಲಿ ಮರಿಗಳು ಹೋಗುವುದು, ಅದೂ ಕರಾವಳಿಯ ಮಳೆಗಾಲದಲ್ಲಿ, ಎಂದಾಗ ಮೊದಲು ಸಂಶಯಪಡಬೇಕಾದದ್ದು ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾವನ್ನು. ಮನುಷ್ಯರಲ್ಲಿ ನಾವು ಇಲಿ ಜ್ವರ ಎನ್ನುವುದೂ ಇದರದ್ದೇ ಕೆಲಸ. ಇದು ಮೂತ್ರಪಿಂಡದಲ್ಲಿ ನೆಲೆಸಿ ಮೂತ್ರದ ಮೂಲಕ ಹೊರಬರುತ್ತದೆ. ಒಣ ನೆಲದಲ್ಲಿ ಬೇಗ ಸಾಯುವ ಇದು ನಿಂತ ನೀರಿನಲ್ಲಿ, ಕೆಸರಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಇಲಿಯನ್ನು ಮಾತ್ರ ದೂರಿ ಫಲವಿಲ್ಲ, ಏಕೆಂದರೆ ಕಂದು ಹಾಕಿ ಚೇತರಿಸಿಕೊಂಡ ಹಂದಿಯೂ ತಿಂಗಳುಗಟ್ಟಲೆ ಮೂತ್ರದಲ್ಲಿ ಇದನ್ನು ಹೊರಹಾಕುತ್ತಿರಬಹುದು. ಆದರೂ ದೊಡ್ಡಿಯ ಮೂಲೆಯಲ್ಲಿಟ್ಟ ತೌಡಿನ ಚೀಲವನ್ನು ಒಮ್ಮೆ ತಿರುಗಿಸಿ ನೋಡಿ. ಅಡಿಯಲ್ಲಿ ಹಲ್ಲಿನಿಂದ ಕೊರೆದ ತೂತು, ಅದರ ಸುತ್ತ ಕರಿ ಹಿಕ್ಕೆ ಕಂಡರೆ ಮುಚ್ಚಳವಿರುವ ಡ್ರಮ್ಮು ಕೊಳ್ಳಲು ತಡಮಾಡಬೇಡಿ.

ಇನ್ನು ಗಂಡುಹಂದಿಯ ವಿಚಾರ. ನಿಮ್ಮ ಸಂಶಯ ಪೂರ್ತಿ ಆಧಾರರಹಿತವಲ್ಲ. ಬ್ರುಸೆಲ್ಲಾ, ಅಂದರೆ ಕಂದು ರೋಗ, ಹಂದಿಗಳಲ್ಲಿ ಮುಖ್ಯವಾಗಿ ಹರಡುವುದು ಕೂಡುವಿಕೆಯಿಂದ ಮತ್ತು ಬಿದ್ದ ಕಂದನ್ನು, ಮಾಸನ್ನು ಬೇರೆ ಹಂದಿಗಳು ತಿನ್ನುವುದರಿಂದ. ಅದರಲ್ಲಿ ಗಬ್ಬ ಯಾವ ಹಂತದಲ್ಲಾದರೂ ಹೋಗಬಹುದು. ತೀರ ಮೊದಲೇ ಹೋದರೆ ನಮಗೆ ಗೊತ್ತೇ ಆಗುವುದಿಲ್ಲ, ಹಂದಿ ಮತ್ತೆ ಬೆದೆಗೆ ಬಂತೆಂದಷ್ಟೇ ಕಾಣುತ್ತದೆ. ಗಂಡಿನ ಒಂದು ವೃಷಣ ಊದಿಕೊಂಡಿದ್ದರೆ ಅಥವಾ ಹಿಂಗಾಲು ಕುಂಟುತ್ತಿದ್ದರೆ ವೈದ್ಯರಿಗೆ ಅದನ್ನು ಖಂಡಿತ ಹೇಳಿ, ಆದರೆ ಇಂಥ ಲಕ್ಷಣವಿಲ್ಲದ ಗಂಡೂ ರೋಗವಾಹಕವಾಗಿರಬಹುದು. ಒಂದೇ ಗಂಡನ್ನು ನಾಲ್ಕು ಮನೆಯವರು ಬಳಸುವ ನಮ್ಮ ಕಡೆಯ ರೂಢಿ ಈ ರೋಗಕ್ಕೆ ಬಹಳ ಅನುಕೂಲ.

ಎರಡನ್ನೂ ಬೇರ್ಪಡಿಸುವುದು ಪ್ರಯೋಗಾಲಯದ ಪರೀಕ್ಷೆಯೇ. ಒಂದೇ ಹಂದಿಯ ರಕ್ತ ಸಾಲದು. ಕಂದು ಹಾಕಿದವುಗಳ ಜೊತೆಗೆ ಇತರ ಕೆಲವು ಹಂದಿಗಳ ಮತ್ತು ಗಂಡಿನ ರಕ್ತವನ್ನೂ ಪಶುವೈದ್ಯರಿಂದ ತೆಗೆಸಿ. ಮತ್ತೊಂದು ಕಂದು ಬಿದ್ದರೆ ಅದನ್ನು ಮಾಸಿನ ಸಮೇತ ಐಸ್ ಪೆಟ್ಟಿಗೆಯಲ್ಲಿಟ್ಟು ಅವರಿಗೆ ಮುಟ್ಟಿಸಿ. ಲೆಪ್ಟೊಸ್ಪೈರಾ ಎಂದಾದರೆ ಸ್ಟ್ರೆಪ್ಟೊಮೈಸಿನ್ ಅಥವಾ ಆಕ್ಸಿಟೆಟ್ರಾಸೈಕ್ಲಿನ್‌ನಂಥ ಔಷಧಿಗಳನ್ನು ವೈದ್ಯರು ಬಳಸುತ್ತಾರೆ. ಬ್ರುಸೆಲ್ಲಾ ಎಂದಾದರೆ ಔಷಧಿಯನ್ನು ನಂಬಿ ಕೂರುವಂತಿಲ್ಲ. ಸೋಂಕಿನ ಹಂದಿಗಳನ್ನು ತೆಗೆಯಲೇಬೇಕಾಗುತ್ತದೆ.

ಎರಡೂ ಮನುಷ್ಯರಿಗೆ ಅಂಟುವ ರೋಗಗಳು. ಗ್ಲೌಸ್ ಮತ್ತು ಬೂಟು ಹಾಕದೆ ಕಂದನ್ನಾಗಲಿ ದೊಡ್ಡಿಯ ಕೆಸರನ್ನಾಗಲಿ ಮುಟ್ಟಬೇಡಿ. ಪರೀಕ್ಷೆಗೆ ಕಳಿಸದ ಕಂದನ್ನು ನಾಯಿಗಳಿಗೆ ಸಿಗದಂತೆ ಸುಣ್ಣ ಹಾಕಿ ಆಳವಾಗಿ ಹೂಳಿ. ಮನೆಯಲ್ಲಿ ಯಾರಿಗಾದರೂ ಜ್ವರ, ಮೀನಖಂಡದ ನೋವು ಬಂದರೆ ಹಂದಿಗಳ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿ. ವರದಿ ಬರುವ ತನಕ ಗಂಡನ್ನು ಬೇರೆಯೇ ಕಟ್ಟಿಹಾಕಿ. ನೆರೆಯವರು ಕೇಳಿದರೂ ಕೊಡಬೇಡಿ.