ಬೆರಳು ಕೀ ಮೇಲೇ ಇದೆ, ಷಡ್ಜ ಎಲ್ಲಿ ಹೋಯಿತು?

ಪ್ರಶ್ನೆ: ಲ್ಯಾಪ್‌ಟಾಪ್ ಸಹವಾಸ ಸಾಕು ಅಂತ ಒಂದು ಸ್ಟ್ಯಾಂಡ್‌ಅಲೋನ್ ಮ್ಯೂಸಿಕ್ ಬಾಕ್ಸ್ (ಕಂಪ್ಯೂಟರ್ ಬೇಡದೆ ಹಾಡು ಕಟ್ಟಲು ಬರುವ ಪೆಟ್ಟಿಗೆ) ತಗೊಂಡೆ. ಅದರೊಳಗಿನ, ಎಲೆಕ್ಟ್ರಾನಿಕ್ ಆಗಿ ಸ್ವರ ಹುಟ್ಟಿಸುವ ಸಿಂಥ್‌ನಲ್ಲಿ ಸ–ಪ ಹಿಡಿದುಕೊಂಡು ಕಾರ್ಡ್, ಅಂದರೆ ಕೆಲವು ಸ್ವರ ಒಟ್ಟಿಗೆ, ನುಡಿಸುತ್ತೇನೆ. ಮೇಲೆ ಒಂದು ಸ್ವರ ಸೇರಿಸಿದರೆ ಕೆಳಗಿನ ಸ ನಿಂತು ಹೋಗುತ್ತದೆ. ಬೆರಳು ಎತ್ತಿರುವುದಿಲ್ಲ. ಬಾಕ್ಸ್ ಕೆಟ್ಟಿದೆಯಾ? (ಸಾಗರದ ಓದುಗರೊಬ್ಬರು)

ಕೆಟ್ಟಿಲ್ಲ. ಸುಮ್ನೆ ವಾಪಸ್ ಕಳಿಸಲು ಹೋಗಬೇಡಿ.

ಇದೇ ಪಾಡು ನನಗೂ ಆಗಿದೆ, ಅದೂ ಜನರ ಎದುರಿಗೆ. ವಿನೋಬನಗರದ ಒಂದು ಗಣಪತಿ ಪೆಂಡಾಲು, ಹೊರಗೆ ಜಿಟಿಜಿಟಿ ಮಳೆ. ಹಾಡುವವರು ಚರಣ ಎತ್ತಿಕೊಂಡರು. ನಾನು ಪೆಡಲ್ (ಬೆರಳೆತ್ತಿದರೂ ಸ್ವರ ಹಿಡಿದಿಡುವುದು) ತುಳಿದು ಕೈತುಂಬ ಕಾರ್ಡ್ ಹಾಕಿದೆ. ಶ್ರುತಿ ಹೋಯಿತು. ಅವರು ಹಾಡುತ್ತಲೇ ತಿರುಗಿ ನನ್ನ ಮುಖ ನೋಡಿದರು. ಕೇಬಲ್ ಲೂಸ್ ಇರಬೇಕು ಅಂತ ಆ ರಾತ್ರಿಯೆಲ್ಲ ಕೇಬಲ್ ಬದಲಾಯಿಸಿದ್ದೇ ಬದಲಾಯಿಸಿದ್ದು.

ಕೇಬಲ್‌ದೇನೂ ತಪ್ಪಿರಲಿಲ್ಲ. ಅದು ಪಾಲಿಫನಿ ಮಿತಿ. ಅಂದರೆ ಒಂದೇ ಸಲಕ್ಕೆ ಎಷ್ಟು ಸ್ವರ ನುಡಿಯಬಹುದು ಅನ್ನುವ ಲೆಕ್ಕ. ಹಾರ್ಮೋನಿಯಂನಲ್ಲಿ ಈ ತಾಪತ್ರಯ ಇಲ್ಲ. ಪ್ರತಿ ಮನೆಗೂ (ಕೀಲಿಗೂ) ಅದರದೇ ರೀಡ್ ಇರುತ್ತದೆ, ಹತ್ತು ಬೆರಳು ಒತ್ತಿದರೂ ಹತ್ತೂ ನುಡಿಯುತ್ತವೆ, ತಿದಿಯ ಗಾಳಿ ಬೇಗ ಖಾಲಿಯಾಗುತ್ತದೆ ಅಷ್ಟೆ. ಸಿಂಥ್‌ನಲ್ಲಿ ಹಾಗಲ್ಲ. ಅಲ್ಲಿ ಕೀಲಿಗಳು ಎಷ್ಟಾದರೂ ಇರಲಿ, ಸ್ವರ ಹುಟ್ಟಿಸುವ 'ವಾಯ್ಸ್'ಗಳು ಇಂತಿಷ್ಟೇ. ಕೀ ಒತ್ತಿದಾಗ ಬಿಡುವಾಗಿರುವ ಒಂದು ವಾಯ್ಸ್ ಬಂದು ಆ ಕೆಲಸ ಹಿಡಿಯುತ್ತದೆ.

ಹಳೇ ಕಾಲದಲ್ಲಿ ಪ್ರತಿ ವಾಯ್ಸ್‌ಗೂ ನಿಜವಾದ ಸರ್ಕ್ಯೂಟ್ ಇರುತ್ತಿತ್ತು. 1970ರ ಮಿನಿಮೂಗ್ ಸಿಂಥ್ ಒಂದು ಸಲಕ್ಕೆ ಒಂದೇ ಸ್ವರ ನುಡಿಸುತ್ತಿತ್ತು. 1978ರ ಪ್ರಾಫೆಟ್-5ರಲ್ಲಿ 5, 1984ರ ಜೂನೋ-106ರಲ್ಲಿ 6. ಪೂರ್ತಿ ಡಿಜಿಟಲ್ ಆಗಿದ್ದ ಯಮಾಹಾ ಡಿಎಕ್ಸ್7 1983ರಲ್ಲಿ 16 ಸ್ವರ ಕೊಟ್ಟಿತು. ಈಗಿನ ಸಾಫ್ಟ್‌ವೇರ್ ಸಿಂಥ್‌ನಲ್ಲಿ ಸರ್ಕ್ಯೂಟ್ ಇಲ್ಲ, ಬರೀ ಲೆಕ್ಕ. ಹಾಗಾದರೆ ಬೇಕಾದಷ್ಟು ವಾಯ್ಸ್ ಕೊಡಬಹುದಿತ್ತಲ್ವಾ?

ಲೆಕ್ಕ ಮಾಡಲೂ ಹೊತ್ತು ಬೇಕಲ್ಲ. ಸೆಕೆಂಡಿಗೆ ಸದ್ದಿನ ಅಲೆಯ 44,100 ಅಳತೆ, ಅಂದರೆ ಸ್ಯಾಂಪಲ್‌ ಬೇಕು. ಬಾಕ್ಸ್ ಅವನ್ನು ಸಣ್ಣ ಸಣ್ಣ ಕಂತಿನಲ್ಲಿ ತಯಾರಿಸುತ್ತದೆ. ಒಂದು ಕಂತು 128 ಸ್ಯಾಂಪಲ್ ಅಂತಿಟ್ಟುಕೊಳ್ಳಿ. ಅದಕ್ಕೆ ಸಿಗುವ ಸಮಯ ಸುಮಾರು 2.9 ಮಿಲಿಸೆಕೆಂಡ್. ಅಷ್ಟರೊಳಗೆ ಎಲ್ಲ ಟ್ರ್ಯಾಕ್, ಎಲ್ಲ ವಾಯ್ಸ್, ಎಲ್ಲ ಇಫೆಕ್ಟ್ ಮುಗಿಯಬೇಕು. ಒಂದು ವಾಯ್ಸ್‌ಗೆ 3 ಆಸಿಲೇಟರ್ (ಸ್ವರದ ಅಲೆ ಹುಟ್ಟಿಸುವ ಭಾಗ) ಇದ್ದರೆ 8 ವಾಯ್ಸ್‌ಗೆ 24. ಸದ್ದು ದಪ್ಪ ಬರಲಿ ಅಂತ ನಾಲ್ಕರ ಯೂನಿಸನ್ (ಒಂದೇ ಸ್ವರದ ನಾಲ್ಕು ಪ್ರತಿ ಒಟ್ಟಿಗೆ) ಹಾಕಿದಿರೋ, 96 ಆಯಿತು. ಸದ್ದಿನ ಬಣ್ಣ ತಿದ್ದುವ ಫಿಲ್ಟರ್ ಲೆಕ್ಕ ಬೇರೆ. ಬಾಕ್ಸ್ ಒಳಗೆ ಇರುವುದು ಹೆಚ್ಚಾಗಿ ಮೊಬೈಲ್ ಫೋನಿನ ಜಾತಿಯ ಪ್ರೊಸೆಸರ್. 2017ರ ಅಕಾಯ್ ಎಂಪಿಸಿ ಲೈವ್‌ನಲ್ಲಿ ಇದ್ದದ್ದು 2 ಜಿಬಿ ರ‍್ಯಾಮ್. ಅದೇ ಬಾಕ್ಸ್ ಬ್ಯಾಟರಿ ಮೇಲೂ ಓಡುತ್ತದೆ ಅನ್ನುವುದನ್ನು ಮರೆಯಬಾರದು. ಮಳೆಗಾಲದಲ್ಲಿ ಕರೆಂಟ್ ಇಲ್ಲದ ಸಂಜೆ ಎಷ್ಟು ಅಂತ ಮಲೆನಾಡಿನವರಿಗೆ ನಾನೇನು ಹೇಳುವುದು!

ಸಮಯ ಮೀರಿದರೆ ಸ್ಪೀಕರ್‌ನಲ್ಲಿ ಪಟಪಟ ಸದ್ದು ಬರುತ್ತದೆ, ಇಡೀ ಹಾಡೇ ಹರಿದು ಹೋಗುತ್ತದೆ. ಹಾಗಾಗದಿರಲಿ ಅಂತ ಸಿಂಥ್ ಮಾಡಿದವರು ಮೊದಲೇ 'ಇಷ್ಟೇ ವಾಯ್ಸ್' ಎಂದು ಬೇಲಿ ಹಾಕಿರುತ್ತಾರೆ. ಸ್ಟೇಜ್ ಮೇಲೆ ಒಂದು ಸ್ವರ ಹೋದರೆ ತಡೆದುಕೊಳ್ಳಬಹುದು, ಪಟಪಟ ತಡೆಯಲಾಗುವುದಿಲ್ಲ. ಅವರು ಮಾಡಿದ್ದು ಸರಿ ಅಂತಲೇ ನನ್ನ ಲೆಕ್ಕ. ತಕರಾರು ಇರುವುದು ಒಂದೇ. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ವಾಯ್ಸ್ ಸಂಖ್ಯೆ ಎಷ್ಟೋ ಸಲ ಸ್ಯಾಂಪಲ್ (ಇಲ್ಲಿ, ಮೊದಲೇ ರೆಕಾರ್ಡ್ ಮಾಡಿಟ್ಟ ಸದ್ದಿನ ತುಣುಕು) ನುಡಿಸುವುದಕ್ಕೆ ಸಂಬಂಧಿಸಿದ್ದು. ಒಳಗಿನ ಸಿಂಥ್‌ನ ಮಿತಿ ಬೇರೆ, ಅದಕ್ಕಿಂತ ಕಡಿಮೆ.

ಇನ್ನು, ಹೋಗಿದ್ದು ಷಡ್ಜವೇ ಯಾಕೆ?

ಮದುವೆ ಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಎಂಟೇ ಎಲೆ ಹಾಕಿದ್ದಾರೆ, ಎಂಟೂ ಭರ್ತಿ. ಒಂಬತ್ತನೆಯವರು ಬಂದು ನಿಂತರು, ಅವರನ್ನು ಕಾಯಿಸುವ ಹಾಗಿಲ್ಲ. ಯಾರನ್ನೋ ಎಬ್ಬಿಸಬೇಕು. ಬುದ್ಧಿವಂತ ಸಿಂಥ್ ಆದರೆ ಮಜ್ಜಿಗೆ ಅನ್ನಕ್ಕೆ ಬಂದವರನ್ನು, ಅಂದರೆ ಬೆರಳು ಎತ್ತಿದ ಮೇಲೂ ರಿಲೀಸ್‌ನಲ್ಲಿ ಸಣ್ಣಗೆ ಮೊಳಗುತ್ತಿರುವ ಸ್ವರವನ್ನು ಎಬ್ಬಿಸುತ್ತದೆ. ಯಾರಿಗೂ ಗೊತ್ತೇ ಆಗುವುದಿಲ್ಲ. ಆದರೆ ಕೆಲವು ಸಿಂಥ್‌ಗಳು 'ಯಾರು ಮೊದಲು ಕೂತರೋ ಅವರು ಮೊದಲು ಏಳಲಿ' ಅನ್ನುತ್ತವೆ. ನಮ್ಮ ಸಂಗೀತದಲ್ಲಿ ಎಲ್ಲರಿಗಿಂತ ಮೊದಲು ಬಂದು ಕೂರುವುದು ಶ್ರುತಿ. ಊಟವೇ ಮುಗಿಯದ ಅತಿಥಿ ಅದು. ಅದನ್ನೇ ಎಬ್ಬಿಸುತ್ತವೆ.

ನಿಮ್ಮ ನುಡಿಸಾಣಿಕೆಯನ್ನೇ ಎಣಿಸೋಣ. ಮಿತಿ ಎಂಟು ಅಂತಿಟ್ಟುಕೊಳ್ಳಿ. ಸ, ಪ: ಎರಡು. ಮೂರು ಸ್ವರದ ಕಾರ್ಡ್: ಐದು. ಎರಡು ಸೆಕೆಂಡ್ ಹಿಡಿದು, ಬೆರಳೆತ್ತಿದ ಕೂಡಲೇ ಇನ್ನೊಂದು ಕಾರ್ಡಿಗೆ ಹೋದಿರಿ. ರಿಲೀಸ್ ಒಂದೂವರೆ ಸೆಕೆಂಡ್ ಇದೆ, ಹಳೇ ಮೂರು ಸ್ವರ ಇನ್ನೂ ಎದ್ದಿಲ್ಲ. ಎಂಟು. ಬಲಗೈ ಕಿರುಬೆರಳು ಒಂದು ಸ್ವರ ಒತ್ತಿತು. ಒಂಬತ್ತು! ಷಡ್ಜ ಎದ್ದು ಹೋಯಿತು. ಪೆಡಲ್ ತುಳಿದಿದ್ದರಂತೂ ಯಾವ ಸ್ವರವೂ ಏಳುವುದಿಲ್ಲ, ಇನ್ನೂ ಬೇಗ ತುಂಬುತ್ತದೆ.

ನಿಮ್ಮ ಬಾಕ್ಸ್‌ನ ಮಿತಿ ಎಷ್ಟು ಅಂತ ತಿಳಿಯಲು ಹೊಸ ಪ್ರಾಜೆಕ್ಟ್ ತೆರೆದು ಒಂದೇ ಸಿಂಥ್ ಹಾಕಿ. ಒತ್ತಿ ಹಿಡಿದರೆ ನಿಲ್ಲದೆ ನುಡಿಯುವ ಸಾದಾ ಸದ್ದು ಇರಲಿ. ಪೆಡಲ್ ತುಳಿದು ಒಂದೊಂದೇ ಕೀ ಒತ್ತುತ್ತಾ ಎಣಿಸಿ. ಎಷ್ಟನೆಯದಕ್ಕೆ ಒಂದು ಸ್ವರ ಬಿದ್ದುಹೋಗುತ್ತದೋ ಅದರ ಹಿಂದಿನದು ಮಿತಿ. ಎಣಿಸುವಾಗ ಪಟಪಟ ಬಂದರೆ ಅದು ಪ್ರೊಸೆಸರ್ ಸುಸ್ತಾದ ಲಕ್ಷಣ, ಅದು ಬೇರೆ ಕಾಯಿಲೆ. ಎರಡನೇ ಸ್ವರಕ್ಕೇ ಮೊದಲನೆಯದು ಬಿದ್ದರೆ ಸಿಂಥ್ ಒಂದೇ ಸ್ವರ ನುಡಿಸುವ ಮೋನೋ ಮೋಡ್‌ನಲ್ಲಿದೆ, ಬದಲಾಯಿಸಿಕೊಳ್ಳಿ. ಲ್ಯಾಪ್‌ಟಾಪ್ ಸಿಂಥ್‌ನಲ್ಲೂ 'ವಾಯ್ಸಸ್' ಅಂತ ಒಂದು ಸಂಖ್ಯೆ ಎಲ್ಲೋ ಮೂಲೆಯಲ್ಲಿ ಇರುತ್ತದೆ. ಅದು ಜಾಸ್ತಿ ಇರುವುದರಿಂದ ನಮಗೆ ಎಡವುವ ಪ್ರಸಂಗ ಬರುವುದಿಲ್ಲ ಅಷ್ಟೆ.

ಪರಿಹಾರಕ್ಕೆ ಮೊದಲು ರಿಲೀಸ್ ಇಳಿಸಿ. ಒಂದೂವರೆ ಸೆಕೆಂಡ್ ಇದ್ದದ್ದು ಅರ್ಧಕ್ಕೆ ಬರಲಿ. ಸದ್ದು ಬೋಳಾಯಿತು ಅನ್ನಿಸಿದರೆ ಸ್ವಲ್ಪ ರಿವರ್ಬ್ (ಗುಂಯ್‌ಗುಡುವ ಪ್ರತಿಧ್ವನಿ) ಹಾಕಿ. ರಿವರ್ಬ್‌ನ ಬಾಲ ಒಂದು ವಾಯ್ಸನ್ನೂ ತಿನ್ನುವುದಿಲ್ಲ, ಎಷ್ಟು ಸ್ವರ ಬಂದರೂ ಅದು ಟ್ರ್ಯಾಕಿಗೆ ಒಂದೇ. ಯೂನಿಸನ್ ತೆಗೆಯಿರಿ. ಕೆಲವು ಸಿಂಥ್‌ಗಳಲ್ಲಿ ಯೂನಿಸನ್ ನೇರವಾಗಿ ವಾಯ್ಸ್‌ಗಳನ್ನೇ ಕಬಳಿಸುತ್ತದೆ, ಒಬ್ಬರೇ ನಾಲ್ಕು ಎಲೆ ಹಿಡಿದು ಕೂತ ಹಾಗೆ. ಬರೆದು ಮುಗಿದ ಪ್ಯಾಡ್ (ಹಿನ್ನೆಲೆಯ ಉದ್ದ ಸ್ವರಗಳ) ಟ್ರ್ಯಾಕನ್ನು ಆಡಿಯೋ ಆಗಿ ಬೌನ್ಸ್ ಮಾಡಿಬಿಡಿ, ಅಂದರೆ ಒಳಗೇ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಆಮೇಲೆ ಅದಕ್ಕೆ ಸಿಂಥ್ ಲೆಕ್ಕವೇ ಬೇಡ. ಆದರೆ ಮೂಲ ಟ್ರ್ಯಾಕ್ ಅಳಿಸಬೇಡಿ. ಹಾಡುವವರು ಕೊನೇ ಗಳಿಗೆಯಲ್ಲಿ 'ಅರ್ಧ ಮನೆ ಇಳಿಸಿ' (ಶ್ರುತಿ ಸ್ವಲ್ಪ ತಗ್ಗಿಸಿ) ಅಂದೇ ಅನ್ನುತ್ತಾರೆ.

ಶ್ರುತಿಯನ್ನಂತೂ ಆ ಪಂಕ್ತಿಯಲ್ಲಿ ಕೂರಿಸಲೇಬೇಡಿ. ಅದಕ್ಕೆ ಬೇರೆ ಟ್ರ್ಯಾಕ್ ಕೊಡಿ. ಇನ್ನೂ ಒಳ್ಳೆಯದು, ಅದೇ ಸಿಂಥ್‌ನಲ್ಲಿ ಸ–ಪ ಒಂದು ನಿಮಿಷ ನುಡಿಸಿ, ಒಳಗೇ ಸ್ಯಾಂಪಲ್ ಮಾಡಿ ಲೂಪ್‌ಗೆ ಹಾಕಿ. ಮೈಕ್ ಬೇಡದ ಕೆಲಸ, ಹಂಚಿನ ಮೇಲೆ ಮಳೆ ಎಷ್ಟು ಸುರಿದರೂ ರೆಕಾರ್ಡಿಂಗ್‌ಗೆ ಇಳಿಯುವುದಿಲ್ಲ. ಲೂಪ್ ಕೂಡುವ ಜಾಗದಲ್ಲಿ, ಕೊನೆ ಕುಗ್ಗುತ್ತಿರುವಾಗಲೇ ಆರಂಭ ಏರುವ ಹಾಗೆ, ಸ್ವಲ್ಪ ಕ್ರಾಸ್‌ಫೇಡ್ ಕೊಡಿ. ಇಲ್ಲದಿದ್ದರೆ ನಿಮಿಷಕ್ಕೊಮ್ಮೆ 'ಟಕ್' ಅನ್ನುತ್ತದೆ.