ಹವಳದ ದಿಬ್ಬದಲ್ಲಿ ಶಾರ್ಕ್ ಎಷ್ಟಿವೆ? ಒಂದು ಲೆಕ್ಕದ ಹಿಂದಿನ ಕಥೆ

ಲೋಹದ ಒಂದು ಚೌಕಟ್ಟು. ಅದರೊಳಗೆ ಒಂದು ಕ್ಯಾಮೆರಾ. ಕ್ಯಾಮೆರಾದ ಮುಂದಕ್ಕೆ ಚಾಚಿದ ಕೋಲು, ಕೋಲಿನ ತುದಿಯಲ್ಲಿ ಜಜ್ಜಿದ ಮೀನು ತುಂಬಿದ ಪುಟ್ಟ ಬುಟ್ಟಿ. ಇಷ್ಟನ್ನು ಹಗ್ಗ ಕಟ್ಟಿ ಹವಳದ ದಿಬ್ಬದ ಮೇಲೆ ಇಳಿಸಿ ದೋಣಿ ದೂರ ಹೋಗುತ್ತದೆ. ಒಂದು ಗಂಟೆ ಬಿಟ್ಟು ಬಂದು ಎತ್ತಿಕೊಳ್ಳುತ್ತಾರೆ. ಆಮೇಲೆ ಯಾರಾದರೂ ಕೂತು ಆ ವಿಡಿಯೊವನ್ನು ಪೂರ್ತಿ ನೋಡಬೇಕು.

ನೋಡುವವರಿಗೆ ಒಂದು ನಿಯಮ ಇದೆ. ಎಡದಿಂದ ಒಂದು ಶಾರ್ಕ್ ಬಂತು, ಬಲಕ್ಕೆ ಹೋಯಿತು. ಎರಡು ನಿಮಿಷ ಬಿಟ್ಟು ಇನ್ನೊಂದು ಬಂತು. ಇದು ಬೇರೆಯದೋ, ಮೊದಲಿನದೇ ಸುತ್ತಿಕೊಂಡು ಬಂತೋ? ಹೇಳೋಕಾಗಲ್ಲ. ಹಾಗಾಗಿ ಬಂದುಹೋದದ್ದನ್ನೆಲ್ಲ ಕೂಡಿಸುವಂತಿಲ್ಲ. ಒಂದೇ ಕ್ಷಣದಲ್ಲಿ, ಒಂದೇ ಚಿತ್ರದಲ್ಲಿ ಒಟ್ಟಿಗೆ ಕಂಡದ್ದು ಎಷ್ಟೋ ಅಷ್ಟೇ ಲೆಕ್ಕ. ಗಂಟೆಯಲ್ಲಿ ಇಪ್ಪತ್ತು ಸಲ ಶಾರ್ಕ್ ಹಾದುಹೋದರೂ, ಒಟ್ಟಿಗೆ ಕಂಡದ್ದು ಹೆಚ್ಚೆಂದರೆ ಎರಡು ಅಂತಾದರೆ ಬರೆದುಕೊಳ್ಳುವುದು ಎರಡು. ಈ ಅಂಕಿಗೆ ಮ್ಯಾಕ್ಸ್‌ಎನ್ ಅಂತ ಹೆಸರು.

ಇಷ್ಟು ಬಿಗಿಯಾಗಿ ಎಣಿಸುವ ಅಗತ್ಯ ಯಾಕೆ ಬಂತು? ಹವಳದ ದಿಬ್ಬದ ಶಾರ್ಕ್‌ಗಳ ಬಗ್ಗೆ ಓದುವವರಿಗೆ ತಲೆ ಕೆಡುವುದೂ ಇಲ್ಲೇ. ಒಂದು ವರದಿ ನೂರಕ್ಕೆ ತೊಂಬತ್ತು ಹೋಯಿತು ಅನ್ನುತ್ತದೆ. ಮತ್ತೊಂದು, ಅಲ್ಲಿ ಮೊದಲೂ ಅಷ್ಟೊಂದು ಇರಲೇ ಇಲ್ಲ ಅನ್ನುತ್ತದೆ. ಮೂರನೆಯದು, ಒಂದೇ ಕಿರಿದಾದ ಕಾಲುವೆಯಲ್ಲಿ ಏಳುನೂರು ಶಾರ್ಕ್ ಸಿಕ್ಕಿವೆ ಅನ್ನುತ್ತದೆ. ಮೂರೂ ಸುಳ್ಳಲ್ಲ. ಇವು ಹೇಗೆ ಹುಟ್ಟಿದವು ಅಂತ ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ಮೊದಮೊದಲು ಯಾರಿಗೂ ಲೆಕ್ಕ ಬೇಕಿರಲಿಲ್ಲ. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಶಾರ್ಕ್ ಸಂಶೋಧನೆಗೆ ಸಿಕ್ಕ ಹಣದಲ್ಲಿ ಹೆಚ್ಚಿನದು ಭಯದಿಂದ ಬಂದದ್ದು. ನೀರಿಗೆ ಬಿದ್ದ ನಾವಿಕರಿಂದ ಶಾರ್ಕ್ ದೂರ ಇಡುವುದು ಹೇಗೆ ಅನ್ನೋದು ಪ್ರಶ್ನೆ. ಆದರೂ ಆ ಕಾಲದಲ್ಲಿ ಒಳ್ಳೆಯ ಕೆಲಸ ಆಯಿತು. 1973ರಲ್ಲಿ ರಿಚರ್ಡ್ ಜಾನ್ಸನ್ ಮತ್ತು ಡೊನಾಲ್ಡ್ ನೆಲ್ಸನ್, ಮಾರ್ಷಲ್ ದ್ವೀಪಗಳ ಎನಿವೆಟಾಕ್‌ನಲ್ಲಿ, ಹವಳದ ದಿಬ್ಬಗಳಲ್ಲಿ ಬದುಕುವ ಬೂದು ರೀಫ್ ಶಾರ್ಕ್ ತೋರಿಸುವ ಒಂದು ಭಂಗಿಯನ್ನು ವಿವರವಾಗಿ ಬರೆದರು. ಮೂಲೆಗೆ ಒತ್ತರಿಸಿದರೆ ಅದು ಮೂತಿ ಎತ್ತುತ್ತದೆ, ಬೆನ್ನು ಬಾಗಿಸುತ್ತದೆ, ಎದೆಯ ಎರಡು ರೆಕ್ಕೆಗಳನ್ನು ಕೆಳಕ್ಕೆ ಇಳಿಸುತ್ತದೆ, ಮೈಯನ್ನು ಅತಿಯಾಗಿ ಓಲಾಡಿಸುತ್ತ ಈಜುತ್ತದೆ. ಸಾಕು, ಇನ್ನು ಹತ್ತಿರ ಬರಬೇಡ ಅನ್ನುವ ಎಚ್ಚರಿಕೆ ಅದು. ಕಚ್ಚುವ ಮುಂಚೆ ಹೇಳಿಯೇ ಕಚ್ಚುವ ಪ್ರಾಣಿ ಅಂತ ಆಗ ತಿಳಿಯಿತು.

1980, 90ರ ದಶಕಗಳಲ್ಲಿ ಶಾರ್ಕ್ ರೆಕ್ಕೆಯ ವ್ಯಾಪಾರ ಬೆಳೆಯಿತು. ಜೊತೆಗೆ ಬಲೆಗಳೂ ಹೆಚ್ಚಿದವು. ಹವಳದ ದಿಬ್ಬಗಳಲ್ಲಿ ಏನು ಕಡಿಮೆಯಾಗುತ್ತಿದೆ ಅಂತ ಬರೆದಿಡುವವರು ಮಾತ್ರ ಹೆಚ್ಚಲಿಲ್ಲ.

2000ದ ನಂತರ ಚಿತ್ರ ಒಮ್ಮೆಲೇ ಬದಲಾಯಿತು. ಮನುಷ್ಯರಿಲ್ಲದ ದೂರದ ದ್ವೀಪಗಳಿಗೆ ಹೋದ ತಂಡಗಳು ತಲೆಕೆಳಗಾದ ಲೋಕವೊಂದನ್ನು ಕಂಡವು. 2002ರ ಅಧ್ಯಯನವೊಂದರ ಪ್ರಕಾರ ಹವಾಯಿಯ ವಾಯವ್ಯದ ನಿರ್ಜನ ದ್ವೀಪಗಳಲ್ಲಿ ಮೀನುಗಳ ಒಟ್ಟು ತೂಕದ ಅರ್ಧಕ್ಕೂ ಜಾಸ್ತಿ ಶಾರ್ಕ್‌ನಂಥ ದೊಡ್ಡ ಬೇಟೆಗಾರ ಮೀನುಗಳದ್ದೇ. ಜನವಸತಿ ಇರುವ ಹವಾಯಿ ದ್ವೀಪಗಳಲ್ಲಿ ಅದು ಶೇ. 3. 2008ರಲ್ಲಿ ಪೆಸಿಫಿಕ್‌ನ ಕಿಂಗ್‌ಮನ್ ರೀಫ್‌ನಿಂದ ಬಂದ ಅಂಕಿ ಇನ್ನೂ ದೊಡ್ಡದು, ಶೇ. 85. ಕಾಡಿನಲ್ಲಿ ಜಿಂಕೆಗಿಂತ ಹುಲಿಯೇ ಜಾಸ್ತಿ ಇದ್ದ ಹಾಗೆ!

ಇದರ ನಡುವೆ 2006ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ವರದಿ ಬಂತು. ನನ್ನ ಮಟ್ಟಿಗೆ ಈ ಇಡೀ ಕಥೆ ತಿರುಗಿದ್ದು ಅಲ್ಲಿ. ಆ ಸಾಗರ ಉದ್ಯಾನವನ್ನು ಬಣ್ಣದ ವಲಯಗಳಾಗಿ ಹಂಚಿದ್ದಾರೆ. ಹಸಿರು ವಲಯದಲ್ಲಿ ದೋಣಿ ಹೋಗಬಹುದು, ಮೀನು ಹಿಡಿಯುವಂತಿಲ್ಲ. ಗುಲಾಬಿ ವಲಯಕ್ಕೆ ಅನುಮತಿ ಇಲ್ಲದೆ ಕಾಲಿಡುವಂತೆಯೇ ಇಲ್ಲ. ಇಡೀ ಉದ್ಯಾನದಲ್ಲಿ ಈ ಗುಲಾಬಿ ಜಾಗ ಶೇ. 1ಕ್ಕಿಂತ ಕಡಿಮೆ. ವಿಲಿಯಂ ರಾಬಿನ್ಸ್ ಮತ್ತು ಸಂಗಡಿಗರು ನೀರಿಗಿಳಿದು ಎಣಿಸಿದರು. ಗುಲಾಬಿ ವಲಯಕ್ಕೆ ಹೋಲಿಸಿದರೆ ಮೀನು ಹಿಡಿಯುವ ಜಾಗಗಳಲ್ಲಿ ಬೂದು ರೀಫ್ ಶಾರ್ಕ್ ಶೇ. 97ರಷ್ಟು ಕಡಿಮೆ, ಬಿಳಿ ತುದಿಯ ರೀಫ್ ಶಾರ್ಕ್ ಶೇ. 80ರಷ್ಟು ಕಡಿಮೆ. ಇದಕ್ಕಿಂತ ನೋವಿನ ವಿಷಯ ಇನ್ನೊಂದು. ಹಸಿರು ವಲಯದಲ್ಲೂ ಶಾರ್ಕ್ ಹೆಚ್ಚಿರಲಿಲ್ಲ. ಕಾಗದದ ಮೇಲೆ ಕಾಪಾಡಿದ ಜಾಗ, ನೀರಿನಲ್ಲಿ ಹೆಚ್ಚುಕಡಿಮೆ ತೆರೆದ ಜಾಗದಂತೆಯೇ ಇತ್ತು.

ಆಗ ಶುರುವಾಯಿತು ತಕರಾರು. ಮೀನುಗಾರಿಕೆಯ ದಾಖಲೆಗಳನ್ನು ನೋಡಿದ ಇತರ ಸಂಶೋಧಕರು, ಇಷ್ಟು ಕಡಿದಾದ ಇಳಿಕೆ ನಮ್ಮ ಅಂಕಿಗಳಲ್ಲಿ ಕಾಣುತ್ತಿಲ್ಲವಲ್ಲ ಅಂದರು. ಇನ್ನು ಕೆಲವರು ಎಣಿಸುವ ವಿಧಾನವನ್ನೇ ಕೆದಕಿದರು. ಅವರ ಮಾತು ಸರಳ. ಬೀದಿಯಲ್ಲಿ ನಿಂತು ಈ ಕ್ಷಣ ಎಷ್ಟು ಗಾಡಿ ಇವೆ ಅಂತ ಎಣಿಸಿ. ಅದೇ ಜಾಗದಲ್ಲಿ ಹತ್ತು ನಿಮಿಷ ನಿಂತು ಹಾದುಹೋದ ಗಾಡಿಗಳನ್ನೆಲ್ಲ ಎಣಿಸಿ. ಎರಡೂ ಒಂದೇನಾ? ಹವಳದ ಮೇಲೆ ನಿಧಾನಕ್ಕೆ ಈಜುತ್ತ ಎಣಿಸುವ ಡೈವರ್‌ಗೆ ಎರಡನೆಯದೇ ಆಗುತ್ತದೆ. ಶಾರ್ಕ್ ಅವನಿಗಿಂತ ಜೋರು. ಅದರ ಮೇಲೆ, ಮನುಷ್ಯರನ್ನೇ ಕಾಣದ ಜಾಗದ ಶಾರ್ಕ್‌ಗಳು ಇವನು ಯಾರು ಅಂತ ನೋಡಲು ತಾವೇ ಹತ್ತಿರ ಬರುತ್ತವೆ. ಹಾಗಾಗಿ ದೂರದ ದ್ವೀಪಗಳ ಲೆಕ್ಕ ಉಬ್ಬುತ್ತದೆ.

ಇದನ್ನು ಪರೀಕ್ಷಿಸಲು ತಾಳ್ಮೆ ಬೇಕಿತ್ತು. ಪೆಸಿಫಿಕ್‌ನ ಪಾಲ್ಮೈರಾ ಹವಳದ್ವೀಪದಲ್ಲಿ ಒಂದು ತಂಡ ವರ್ಷಗಟ್ಟಲೆ ಶಾರ್ಕ್ ಹಿಡಿದು, ಗುರುತಿನ ಚೀಟಿ ಚುಚ್ಚಿ, ಮತ್ತೆ ಬಿಟ್ಟಿತು. ಹೀಗೆ ಗುರುತು ಹಾಕಿದ್ದು ಸಾವಿರಕ್ಕೂ ಹೆಚ್ಚು. ಗುರುತು ಹಾಕಿದವು ಮತ್ತೆ ಎಷ್ಟು ಸಲ ಸಿಗುತ್ತವೆ ಅನ್ನೋದರಿಂದ ಒಟ್ಟು ಎಷ್ಟಿರಬಹುದು ಅಂತ ಅಂದಾಜು ಮಾಡಬಹುದು. 2017ರಲ್ಲಿ ಉತ್ತರ ಬಂತು. ಸುಮಾರು 8,300 ಬೂದು ರೀಫ್ ಶಾರ್ಕ್, ಚದರ ಕಿಲೋಮೀಟರ್‌ಗೆ ಹೆಚ್ಚುಕಡಿಮೆ 21. ಹಳೆಯ ಡೈವರ್ ಲೆಕ್ಕಗಳು ಚದರ ಕಿಲೋಮೀಟರ್‌ಗೆ 200ರಿಂದ 1000ದವರೆಗೆ ಹೇಳಿದ್ದವು.

ಹಾಗಾದರೆ ಫ್ರೆಂಚ್ ಪಾಲಿನೇಶಿಯಾದ ಫಕರಾವಾದಲ್ಲಿ ಕಂಡ ಏಳುನೂರು? ಅದೂ ನಿಜವೇ. ಅಲ್ಲಿನ ದಕ್ಷಿಣದ ಕಾಲುವೆಯಲ್ಲಿ ನಿಜವಾಗಿಯೂ ಬೂದು ರೀಫ್ ಶಾರ್ಕ್‌ಗಳು ನೂರುಗಟ್ಟಲೆ ಸೇರುತ್ತವೆ. ಅಷ್ಟು ಹೊಟ್ಟೆಗಳಿಗೆ ಅಲ್ಲಿನ ಮೀನು ಸಾಲುವುದಿಲ್ಲ. 2016ರಲ್ಲಿ ಗುಟ್ಟು ಬಯಲಾಯಿತು. ಜೂನ್–ಜುಲೈ ಹೊತ್ತಿಗೆ ಮೊಟ್ಟೆಯಿಡಲು ಸುತ್ತಲಿನ ದಿಬ್ಬಗಳಿಂದ ಸಾವಿರಾರು ಗ್ರೂಪರ್ ಮೀನು ಆ ಕಾಲುವೆಗೆ ಬರುತ್ತವೆ. ಊಟ ಹೊರಗಿನಿಂದ ಬರುತ್ತಿತ್ತು. ಅಲ್ಲಿನ ಶಾರ್ಕ್‌ಗಳು ಮೇಲಕ್ಕೆ ತಳ್ಳುವ ನೀರಿನ ಸೆಳೆತದ ಮೇಲೆ, ಹದ್ದು ಗಾಳಿಯಲ್ಲಿ ತೇಲುವ ಹಾಗೆ ತೇಲುತ್ತ ಶಕ್ತಿ ಉಳಿಸಿಕೊಳ್ಳುತ್ತವೆ ಅಂತಲೂ ಆಮೇಲೆ ಗೊತ್ತಾಯಿತು. ಸುಮ್ನೆ ನಿಂತು ನೋಡಬೇಕು ಅನ್ನಿಸುವ ದೃಶ್ಯ ಅದು.

ಈ ತಿದ್ದುಪಡಿಗಳೆಲ್ಲ ಒಳ್ಳೆಯ ವಿಜ್ಞಾನವೇ. ಆದರೆ ಹೊರಗೆ ಅದು ಬೇರೆ ಥರ ಕೇಳಿಸಿತು. ಹಳೆಯ ಲೆಕ್ಕ ಉಬ್ಬಿತ್ತು ಅಂದಾಗ, ಓ, ಹಾಗಾದರೆ ಏನೂ ಆಗಿಲ್ಲ ಅಂತ ಕೇಳಿಸಿಕೊಂಡವರು ಇದ್ದರು. ಅದು ಸರಿಯಲ್ಲ. 2012ರ ಅಧ್ಯಯನವೊಂದರಲ್ಲಿ ಪೆಸಿಫಿಕ್‌ನ 46 ಅಮೆರಿಕನ್ ದ್ವೀಪ, ದಿಬ್ಬಗಳನ್ನು ಬೇರೊಂದು ವಿಧಾನದಿಂದ ನೋಡಿದ್ದರು. ದೋಣಿಯ ಹಿಂದೆ ಹಗ್ಗ ಹಿಡಿದು ವೇಗವಾಗಿ ಎಳೆಸಿಕೊಂಡು ಹೋಗುವ ಡೈವರ್‌ಗಳು ಎಣಿಸುವ ವಿಧಾನ. ಜೋರಾಗಿ ಸಾಗುವುದರಿಂದ ಉಬ್ಬುವ ತಪ್ಪು ಇಲ್ಲಿ ಕಡಿಮೆ. ಜನವಸತಿಯ ದ್ವೀಪಗಳ ಬಳಿ ಇರಬೇಕಾದ ಶಾರ್ಕ್‌ಗಳಲ್ಲಿ ಶೇ. 90ಕ್ಕೂ ಹೆಚ್ಚು ಇಲ್ಲ ಅಂತ ಅಲ್ಲೂ ಬಂತು. ಮೊದಲು ಎಷ್ಟಿದ್ದವು ಅನ್ನೋದರ ಬಗ್ಗೆ ಜಗಳ ಇತ್ತು. ಹೋಗುತ್ತಿವೆ ಅನ್ನೋದರ ಬಗ್ಗೆ ಇರಲಿಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ವಾದ ನಡೆಯುತ್ತಿತ್ತು: ಶಾರ್ಕ್ ಇಲ್ಲದಿದ್ದರೆ ಹವಳಕ್ಕೆ ಏನಾಗುತ್ತದೆ? ಶಾರ್ಕ್ ಹೋದರೆ ನಡುವಿನ ಬೇಟೆಗಾರ ಮೀನು ಹೆಚ್ಚುತ್ತವೆ, ಅವು ಪಾಚಿ ಮೇಯುವ ಮೀನುಗಳನ್ನು ತಿನ್ನುತ್ತವೆ, ಪಾಚಿ ಹವಳವನ್ನು ಮುಚ್ಚುತ್ತದೆ ಅನ್ನೋದು ಸರಪಳಿ. ಆಸ್ಟ್ರೇಲಿಯಾದ ವಾಯವ್ಯದ ದಿಬ್ಬಗಳಲ್ಲಿ 2013ರಲ್ಲಿ ಇದಕ್ಕೆ ಸ್ವಲ್ಪ ಬೆಂಬಲ ಸಿಕ್ಕಿತು. ಎಲ್ಲ ಕಡೆ ಸಿಗಲಿಲ್ಲ. ಬೂದು ರೀಫ್ ಶಾರ್ಕ್ ಊಟದ ಮಟ್ಟದಲ್ಲಿ ದೊಡ್ಡ ಗ್ರೂಪರ್‌ಗೆ ಸರಿಸಮ, ಎಲ್ಲರ ಮೇಲಿನ ರಾಜನಲ್ಲ ಅಂತಲೂ ಬೇರೆ ಅಧ್ಯಯನಗಳು ತೋರಿಸಿದವು. ಹವಳಕ್ಕೆ ಉಪಯೋಗ ಇದೆ ಅಂತ ರುಜುವಾದ ಮೇಲೆಯೇ ಕಾಪಾಡಬೇಕೇ ಅನ್ನುವ ಪ್ರಶ್ನೆ ಈ ವಾದ ಓದುವಾಗಲೆಲ್ಲ ನನಗೆ ಬರುತ್ತದೆ.

ಅಂತೂ ಎಲ್ಲ ಕಡೆ ಒಂದೇ ಅಳತೆಗೋಲು ಬೇಕು ಅಂತಾಯಿತು. ಆ ಕ್ಯಾಮೆರಾ ಚೌಕಟ್ಟು ದೊಡ್ಡ ಮಟ್ಟದಲ್ಲಿ ನೀರಿಗಿಳಿದದ್ದು ಹೀಗೆ. 2015ರಲ್ಲಿ ಶುರುವಾದ ಗ್ಲೋಬಲ್ ಫಿನ್‌ಪ್ರಿಂಟ್ ಯೋಜನೆ 58 ದೇಶಗಳ 371 ದಿಬ್ಬಗಳಲ್ಲಿ ಸೇರಿಸಿದ 15,000 ಗಂಟೆಗೂ ಹೆಚ್ಚಿನ ವಿಡಿಯೊದ ಫಲಿತಾಂಶ 2020ರಲ್ಲಿ ಹೊರಬಂತು. ಸುಮಾರು ಐದರಲ್ಲಿ ಒಂದು ದಿಬ್ಬದಲ್ಲಿ ಒಂದೇ ಒಂದು ಶಾರ್ಕ್ ಕಾಣಲಿಲ್ಲ. ಕೀನ್ಯಾ, ವಿಯೆಟ್ನಾಂ, ಕತಾರ್, ಡೊಮಿನಿಕನ್ ರಿಪಬ್ಲಿಕ್ ಸೇರಿ ಆರು ಕಡೆಗಳಲ್ಲಿ 800 ಗಂಟೆಗೂ ಹೆಚ್ಚು ವಿಡಿಯೊದಲ್ಲಿ ಕಂಡದ್ದು ಒಟ್ಟು ಮೂರು. ಜಜ್ಜಿದ ಮೀನಿನ ಬುಟ್ಟಿ, ಅದರ ಸುತ್ತ ಚಿಕ್ಕ ಮೀನುಗಳ ಓಡಾಟ, ಹಿಂದೆ ಖಾಲಿ ನೀಲಿ. ಅದನ್ನು ಗಂಟೆಗಟ್ಟಲೆ ನೋಡಿದವರು ಇದ್ದಾರೆ. 2023ರ ಮುಂದಿನ ವರದಿ, ಸಾಮಾನ್ಯವಾಗಿ ಕಾಣುವ ಐದು ರೀಫ್ ಶಾರ್ಕ್ ಜಾತಿಗಳು ಶೇ. 60ರಿಂದ 73ರಷ್ಟು ಇಳಿದಿವೆ ಅಂತ ಅಂದಾಜಿಸಿತು.

ಅದೇ ವಿಡಿಯೊಗಳಲ್ಲಿ ಸಮಾಧಾನವೂ ಇದೆ. ಗಿಲ್‌ನೆಟ್ ಬಲೆ ಮತ್ತು ಉದ್ದ ಹಗ್ಗಕ್ಕೆ ಸಾಲು ಗಾಳ ಕಟ್ಟುವ ಲಾಂಗ್‌ಲೈನ್ ನಿಲ್ಲಿಸಿದ ಕಡೆ, ಹಿಡಿಯುವುದಕ್ಕೆ ಮಿತಿ ಇಟ್ಟ ಕಡೆ, ಶಾರ್ಕ್ ಹಿಡಿಯುವುದನ್ನೇ ನಿಷೇಧಿಸಿದ ಕಡೆ ಹೆಚ್ಚು ಶಾರ್ಕ್ ಕಂಡವು. 2009ರಲ್ಲಿ ಪಲಾವ್ ತನ್ನ ಇಡೀ ಸಮುದ್ರವನ್ನು ಶಾರ್ಕ್ ಅಭಯಧಾಮ ಅಂತ ಸಾರಿತು. ಮಾಲ್ಡೀವ್ಸ್, ಬಹಾಮಾಸ್ ಹಿಂಬಾಲಿಸಿದವು. ಆಸ್ಟ್ರೇಲಿಯಾದ ಆಶ್‌ಮೋರ್ ರೀಫ್ ನನಗೆ ಹೆಚ್ಚು ಇಷ್ಟದ ಉದಾಹರಣೆ. 1983ರಿಂದ ಅದು ಮೀಸಲು ಜಾಗ. ಕಾವಲು ದೋಣಿ ಬಿಡದೆ ನಿಂತದ್ದು 2008ರಿಂದ. ಎಂಟು ವರ್ಷ ಕಳೆದು ಕ್ಯಾಮೆರಾ ಇಳಿಸಿದಾಗ ಬೂದು ರೀಫ್ ಶಾರ್ಕ್‌ಗಳು ಮೊದಲಿಗಿಂತ ಎಷ್ಟೋ ಹೆಚ್ಚು ಕಂಡವು. ಕಾನೂನು ಹಳೆಯದೇ. ಹೊಸದಾಗಿ ಬಂದದ್ದು ಕಾವಲು.

2022ರ ನವೆಂಬರ್‌ನಲ್ಲಿ ಪನಾಮದಲ್ಲಿ ಸೇರಿದ ಸೈಟಿಸ್ (ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದ) ಸಭೆ ರೀಫ್ ಶಾರ್ಕ್‌ಗಳು ಸೇರಿದ ಇಡೀ ರೀಕ್ವಿಯಂ ಕುಟುಂಬವನ್ನು ಎರಡನೇ ಅನುಬಂಧಕ್ಕೆ ಸೇರಿಸಿತು. ಒಂದು ವರ್ಷದ ನಂತರ, 2023ರ ನವೆಂಬರ್‌ನಿಂದ ಜಾರಿ. ಇದು ಪೂರ್ತಿ ನಿಷೇಧವಲ್ಲ. ಗಡಿ ದಾಟಿಸಬೇಕಾದರೆ, ಈ ವ್ಯಾಪಾರದಿಂದ ಜಾತಿಗೆ ಕುತ್ತಿಲ್ಲ ಅಂತ ಸರ್ಕಾರ ನೋಡಿ ಪರವಾನಗಿ ಕೊಡಬೇಕು. ತನ್ನ ದೇಶದಲ್ಲೇ ಹಿಡಿದು ಅಲ್ಲೇ ಮಾರುವ ಶಾರ್ಕ್‌ಗೆ ಈ ನಿಯಮ ತಾಗುವುದಿಲ್ಲ.

ಬೂದು ರೀಫ್ ಶಾರ್ಕ್ ಸುಮಾರು ಒಂದು ವರ್ಷ ಹೊಟ್ಟೆಯಲ್ಲಿ ಹೊತ್ತು, ಒಂದು ಸಲಕ್ಕೆ ಒಂದರಿಂದ ಆರು ಮರಿ ಹಾಕುತ್ತದೆ. ಮರಿ ಬೆಳೆದು ತಾಯಾಗಲು ಏಳೆಂಟು ವರ್ಷ, ಕೆಲವು ಕಡೆ ಹತ್ತಕ್ಕೂ ಜಾಸ್ತಿ. ಆ ನಿಯಮ ಜಾರಿಗೆ ಬಂದ ತಿಂಗಳು ಹುಟ್ಟಿದ ಹೆಣ್ಣು ಮರಿ ತಾನು ಮರಿ ಹಾಕುವುದು 2030 ದಾಟಿದ ಮೇಲೆ. ಅಲ್ಲಿಯವರೆಗೆ ಅದು ಯಾವ ಬಲೆಗೂ ಸಿಗದೆ ಇರಬೇಕು.