ಕುದಿಸಬೇಕೋ, ನೆನೆಸಬೇಕೋ? ಮನೆ ಕಷಾಯದ ಟಿಪ್ಪಣಿ

ಮಲೆನಾಡಿನ ಮನೆಗಳಲ್ಲಿ ಬಂದವರನ್ನು 'ಕಾಫಿಯೋ, ಕಷಾಯವೋ?' ಎಂದು ಕೇಳುತ್ತಾರೆ. ಅಲ್ಲಿ ಕಷಾಯ ಔಷಧಿಯಲ್ಲ, ಉಪಚಾರ. ಅಂಗಡಿಯ 'ಹರ್ಬಲ್ ಟೀ'ಯೂ ಇದೇ ಜಾತಿಯದು. ಹೆಚ್ಚಿನವುಗಳಲ್ಲಿ ಚಹಾ ಗಿಡದ ಎಲೆಯೇ ಇರುವುದಿಲ್ಲ.

ಕಲಿಯುವಾಗ ನಾನು ತುಂಬ ದಿನ ಮಾಡಿದ ತಪ್ಪು, ಎಲ್ಲವನ್ನೂ ಒಂದೇ ರೀತಿ ಕುದಿಸಿದ್ದು. ತುಳಸಿಯನ್ನು ಕಾಲು ಗಂಟೆ ತೆರೆದ ಪಾತ್ರೆಯಲ್ಲಿ ಕುದಿಸಿದೆ. ಮನೆಯೆಲ್ಲ ಘಮಘಮ, ಲೋಟದಲ್ಲಿ ಮಾತ್ರ ಬರೀ ಒಗರು. ತುಳಸಿಯ ಯೂಜಿನಾಲ್, ಮಜ್ಜಿಗೆಹುಲ್ಲಿನ (ಲೆಮನ್‌ಗ್ರಾಸ್) ಸಿಟ್ರಾಲ್ ಎರಡೂ ಆವಿಯ ಜೊತೆ ಹಾರಿಹೋಗುವ ಎಣ್ಣೆಯಂಶಗಳು. ಹಾಗಾಗಿ ಎಲೆ, ಹೂಗಳಿಗೆ ಕುದಿ ಬೇಡ. ನೀರು ಕುದಿಸಿ ಒಲೆ ಆರಿಸಿ, ಕೈಯಲ್ಲಿ ಹರಿದ ಎಲೆ ಹಾಕಿ, ತಟ್ಟೆ ಮುಚ್ಚಿ ಐದು ನಿಮಿಷ ಬಿಡಿ. ತಟ್ಟೆ ಎತ್ತಿದಾಗ ಅದರ ಒಳಮೈಯಲ್ಲಿ ಹನಿಗಳು ಕೂತಿರುತ್ತವೆ. ಮೂಸಿ ನೋಡಿ, ಮಜ್ಜಿಗೆಹುಲ್ಲಿನ ಪರಿಮಳ ಅಲ್ಲೇ ಇದೆ. ಆ ಹನಿಗಳನ್ನು ಲೋಟಕ್ಕೇ ಬಗ್ಗಿಸಿಕೊಳ್ಳಿ.

ಬೇರು, ತೊಗಟೆ, ಕಾಂಡ ಗಟ್ಟಿ ಪದಾರ್ಥಗಳು. ಬಿಸಿನೀರು ಸುರಿದರೆ ಸಾರ ಬಿಡುವುದಿಲ್ಲ. ಒಣಶುಂಠಿ, ಸೊಗದೆ ಬೇರುಗಳನ್ನು ಜಜ್ಜಿ, ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ ಕುದಿಸಬೇಕು. ಕೊತ್ತಂಬರಿ, ಜೀರಿಗೆಯಂಥ ಬೀಜಗಳದು ನಡುದಾರಿ: ಕುಟ್ಟಿ ಸಿಪ್ಪೆ ಒಡೆದರೆ ಮೂರು ನಾಲ್ಕು ನಿಮಿಷ ಸಾಕು.

ಆಯುರ್ವೇದ ಈ ಭೇದಕ್ಕೆ ಹೆಸರನ್ನೇ ಇಟ್ಟಿದೆ. ಕುದಿಸಿ ಇಳಿಸಿದ್ದು ಕ್ವಾಥ, ಬಿಸಿನೀರಲ್ಲಿ ನೆನೆಸಿ ಸೋಸಿದ್ದು ಫಾಂಟ, ತಣ್ಣೀರಲ್ಲಿ ರಾತ್ರಿಯಿಡೀ ನೆನೆಸಿದ್ದು ಹಿಮ. ಕ್ವಾಥಕ್ಕೆ ಶಾಸ್ತ್ರದ ಅಳತೆ 1 ಪಾಲು ಮೂಲಿಕೆಗೆ 16 ಪಾಲು ನೀರು, ಅದು ಎಂಟನೇ ಒಂದು ಭಾಗಕ್ಕೆ ಇಳಿಯುವವರೆಗೆ ಕುದಿ. ಅದು ಮದ್ದಿನ ಗಾಢತೆ, ದಿನದ ಲೋಟಕ್ಕೆ ಬೇಡ. ನಮಗೆ 200 ಮಿಲಿ ನೀರಿಗೆ ಒಂದು ಸಣ್ಣ ಚಮಚ ಕಷಾಯಪುಡಿ ಧಾರಾಳ.

ಆ ಪುಡಿಗೆ ನನ್ನ ಅಳತೆ: ಕೊತ್ತಂಬರಿ 1 ಕಪ್, ಜೀರಿಗೆ ಕಾಲು ಕಪ್, ಕಾಳುಮೆಣಸು 1 ಚಮಚ, ಮೆಂತ್ಯ ಅರ್ಧ ಚಮಚ, ಒಣಶುಂಠಿ ಹೆಬ್ಬೆರಳಿನಷ್ಟು. ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ. ಮೆಂತ್ಯ ಸೀದರೆ ಇಡೀ ಡಬ್ಬಿಯೇ ಕಹಿ.

ಕಷಾಯಕ್ಕೆ ಹಾಕಿದ ಹಾಲು ಒಡೆಯುವ ಕಾಟ ಹಲವರಿಗಿದೆ. ಹಸಿಶುಂಠಿಯಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವವೊಂದಿದೆ, ಹಾಲನ್ನು ಗರಣೆಗಟ್ಟಿಸುವುದು ಅದೇ. ಶುಂಠಿಯನ್ನು ಮೊದಲು ನೀರಲ್ಲಿ ಚೆನ್ನಾಗಿ ಕುದಿಸಿದರೆ ಕಿಣ್ವ ಸಾಯುತ್ತದೆ. ಬೆಲ್ಲವನ್ನು ಒಲೆ ಆರಿಸಿದ ಮೇಲೇ ಹಾಕಿ.

ಇನ್ನು, ಮನೆಮದ್ದು ಎಂದ ಮಾತ್ರಕ್ಕೆ ಎಲ್ಲವೂ ಎಲ್ಲರಿಗೂ ಹೊಂದುವುದಿಲ್ಲ. ಜ್ಯೇಷ್ಠಮಧು ದಿನವೂ ಕುಡಿದರೆ ರಕ್ತದೊತ್ತಡ ಏರಬಹುದು, ಪೊಟ್ಯಾಸಿಯಂ ಇಳಿಯಬಹುದು. ಅಮೃತಬಳ್ಳಿಯಿಂದ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳೂ ವರದಿಯಾಗಿವೆ. ಬಸುರಿಯರು, ನಿತ್ಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಶುರುಮಾಡಿ.

ಇವತ್ತೇ ಒಂದು ಪ್ರಯೋಗ ಮಾಡಿ. ಇಪ್ಪತ್ತು ತುಳಸಿ ಎಲೆ ಕಿತ್ತು, ಹತ್ತನ್ನು ತೆರೆದ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿ. ಉಳಿದ ಹತ್ತನ್ನು ಬಿಸಿನೀರಲ್ಲಿ ಐದು ನಿಮಿಷ ಮುಚ್ಚಿಡಿ. ಎರಡೂ ಲೋಟ ಪಕ್ಕಪಕ್ಕ ಇಟ್ಟು, ಮೊದಲು ಕಣ್ಣು ಮುಚ್ಚಿ ಮೂಸಿ, ಆಮೇಲೆ ಒಂದೊಂದು ಗುಟುಕು ಕುಡಿದು ನೋಡಿ. ಬಣ್ಣ ಗಾಢವಾಗಿರುವುದು ಒಂದರಲ್ಲಿ, ತುಳಸಿ ಇರುವುದು ಇನ್ನೊಂದರಲ್ಲಿ.